ಮಿಲ್ಲಿಂಗ್ ಯಂತ್ರದ ಶೂನ್ಯಬಿಂದು

1952ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯು ಅಂಕಿಗಳ ಆಜ್ಞೆಯಂತೆ ಚಲಿಸುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿತು. ಆದರೆ ಲೋಹದ ಯಾವ ಬಿಂದುವಿನಿಂದ ಅಂಕಿಗಳನ್ನು ಎಣಿಸಬೇಕೆಂಬುದನ್ನು ರಂಧ್ರಗಳುಳ್ಳ ಕಾಗದದ ಪಟ್ಟಿಯು ತಾನಾಗಿ ಅರಿಯಲಾರದು. ಆ ಶೂನ್ಯಬಿಂದುವನ್ನು ಕುಶಲಕರ್ಮಿಯೇ ನಿಶ್ಚಯಿಸಬೇಕಾಗಿತ್ತು. ಸ್ಪರ್ಶಮಾತ್ರದಿಂದ ಸಂಜ್ಞೆ ನೀಡುವ ಶೋಧಕವನ್ನು ಡೇವಿಡ್ ಮೆಕ್‌ಮರ್ಟ್ರಿಯವರು ಇಂಗ್ಲೆಂಡಿನಲ್ಲಿ ನಿರ್ಮಿಸಿದುದು 1972ರಲ್ಲಿ. ಅದೂ ಕಾನ್‌ಕಾರ್ಡ್ ವಿಮಾನದ ಎಂಜಿನ್ನಿನ ಕೊಳವೆಗಳನ್ನು ಅಳೆಯುವುದಕ್ಕಾಗಿ.

ಶೋಧಕವಿಲ್ಲದ ಇಂದಿನ ಹವ್ಯಾಸಿಗಳೂ ಹಳೆಯ ಕ್ರಮವನ್ನೇ ಅನುಸರಿಸುವುದನ್ನು ನಾವು ಕಾಣುತ್ತೇವೆ. ನಿಶ್ಚಲವಾದ ಕಟರಿಗೂ ಲೋಹಕ್ಕೂ ನಡುವೆ ತೆಳುಕಾಗದವನ್ನಿಟ್ಟು ಮೆಲ್ಲನೆ ಎಳೆಯುತ್ತ, ಅದು ಬಿಗಿಯುವವರೆಗೆ ಕಟರನ್ನು ಸಮೀಪಕ್ಕೆ ತರುತ್ತಾರೆ. ಮೇಲ್ಮೈಯಲ್ಲಿ ಕಾಗದದ ದಪ್ಪವನ್ನೂ, ಅಂಚಿನಲ್ಲಿ ಅದರೊಡನೆ ಕಟರಿನ ತ್ರಿಜ್ಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇದನ್ನು ಮರೆತರೆ ಯಂತ್ರವೆಷ್ಟೇ ನಿಖರವಾಗಿದ್ದರೂ ಆ ದೋಷವು ಇಡೀ ಕೆಲಸವನ್ನು ವ್ಯಾಪಿಸುತ್ತದೆ. ಆದುದರಿಂದ ಯಾಂತ್ರಿಕ ನಿಖರತೆಯ ಚರಿತ್ರೆಯಲ್ಲಿ ಕೈಯ ಸ್ಪರ್ಶಕ್ಕೂ ಸ್ಥಾನವುಂಟೆಂದು ನಾವು ಭಾವಿಸುತ್ತೇವೆ.