ವಾರಾಣಸಿಯಲ್ಲಿ ಮೋದಿ ಎದುರು ನಿಂತಿದ್ದ ಅರಿಶಿನ ರೈತ: ಕೇಳಿದ್ದೇನು, ಸಿಕ್ಕಿದ್ದೆಷ್ಟು?

2019ರ ಲೋಕಸಭಾ ಚುನಾವಣೆಯಲ್ಲಿ ವಾರಾಣಸಿ ಕ್ಷೇತ್ರದ ಕಣದಲ್ಲಿದ್ದವರು 26 ಮಂದಿ. ಪ್ರಧಾನಿ ನರೇಂದ್ರ ಮೋದಿ, ಸಮಾಜವಾದಿ ಪಕ್ಷದ ಶಾಲಿನಿ ಯಾದವ್, ಕಾಂಗ್ರೆಸ್‌ನ ಅಜಯ್ ರಾಯ್ ಹೆಸರುಗಳು ಎಲ್ಲರಿಗೂ ಗೊತ್ತು. ಅದೇ ಪಟ್ಟಿಯಲ್ಲಿ ಇಸ್ತಾರಿ ಸುನ್ನಂ ಎಂಬ ಪಕ್ಷೇತರ ಅಭ್ಯರ್ಥಿಯೂ ಇದ್ದರು. ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯಿಂದ ಬಂದಿದ್ದ ಅರಿಶಿನ ಬೆಳೆಗಾರ ಅವರು. ಅವರಿಗೆ ಬೇಕಿದ್ದದ್ದು ಗೆಲುವಲ್ಲ, ಅರಿಶಿನದ ವಿಷಯ ದೆಹಲಿಗೆ ಕೇಳಿಸಬೇಕಿತ್ತು.

ಕಾಶಿಗೇಕೆ ಬಂದರು?

ನಿಜಾಮಾಬಾದ್‌ಗೆ ಪ್ರತ್ಯೇಕ ಅರಿಶಿನ ಮಂಡಳಿ ತರುವುದಾಗಿ 2014ರಲ್ಲಿ ಟಿಆರ್‌ಎಸ್‌ನ ಕೆ. ಕವಿತಾ ಭರವಸೆ ಕೊಟ್ಟು ಗೆದ್ದಿದ್ದರು. ಐದು ವರ್ಷ ಕಳೆದರೂ ಮಂಡಳಿ ಬರಲಿಲ್ಲ. ಸಿಟ್ಟಿಗೆದ್ದ ರೈತರು 2019ರಲ್ಲಿ ತಾವೇ ನಾಮಪತ್ರ ಹಾಕಿದರು. ನಿಜಾಮಾಬಾದ್ ಕಣದಲ್ಲಿದ್ದ 185 ಅಭ್ಯರ್ಥಿಗಳ ಪೈಕಿ ಸುಮಾರು 178 ಮಂದಿ ರೈತರೇ! ಏಪ್ರಿಲ್ 11ರ ಮತದಾನಕ್ಕೆ ಪ್ರತಿ ಮತಗಟ್ಟೆಯಲ್ಲೂ ಸಾಲು ಸಾಲು ಮತಯಂತ್ರ ಜೋಡಿಸಬೇಕಾಯಿತು. ಅಲ್ಲಿ ಮತದಾನ ಮುಗಿದ ಮೇಲೆ ಸುಮಾರು 50 ರೈತರು ವಾರಾಣಸಿಯತ್ತ ಹೊರಟರು. ಮೋದಿ ವಿರುದ್ಧ ಪ್ರಚಾರ ಮಾಡಲು ಬಂದಿಲ್ಲ, ನಮ್ಮ ಕಷ್ಟ ದೇಶಕ್ಕೆ ಗೊತ್ತಾಗಲಿ ಎಂದು ಬಂದಿದ್ದೇವೆ ಎಂಬುದು ಅವರ ಮಾತಾಗಿತ್ತು.

ಬೇಡಿಕೆ 1: ಪ್ರತ್ಯೇಕ ಅರಿಶಿನ ಮಂಡಳಿ

ಕಾಫಿ, ಚಹಾ, ರಬ್ಬರ್, ತಂಬಾಕಿಗೆ ತಮ್ಮದೇ ಮಂಡಳಿಗಳಿವೆ. ಅರಿಶಿನ ಮಾತ್ರ ಕೊಚ್ಚಿಯಲ್ಲಿರುವ ಸಾಂಬಾರ ಪದಾರ್ಥಗಳ ಮಂಡಳಿಯ ಉದ್ದನೆಯ ಪಟ್ಟಿಯಲ್ಲಿ ಒಂದಾಗಿತ್ತು. ಜಗತ್ತಿನ ಅರಿಶಿನದಲ್ಲಿ ಶೇ 70ಕ್ಕೂ ಹೆಚ್ಚನ್ನು ಬೆಳೆಯುವ ದೇಶದಲ್ಲಿ ಇದು ಸಣ್ಣ ದೂರೇನಲ್ಲ. ಸಂಶೋಧನೆ, ಒಳ್ಳೆಯ ತಳಿ, ರಫ್ತು ಮಾರುಕಟ್ಟೆ ಎಲ್ಲಕ್ಕೂ ಒಂದೇ ಕಡೆ ಕೇಳುವ ಜಾಗ ಬೇಕೆಂದು ರೈತರು ಪಟ್ಟು ಹಿಡಿದಿದ್ದರು.

ಬೇಡಿಕೆ 2: ಕ್ವಿಂಟಲ್‌ಗೆ 15,000 ರೂ.

ಅಸಲಿ ಗಂಟು ಇದೇ. ಅರಿಶಿನ ಎಂಟು ಒಂಬತ್ತು ತಿಂಗಳು ಹೊಲದಲ್ಲೇ ಇರುವ ಬೆಳೆ. ಮುಂಗಾರಿಗೆ ನೆಟ್ಟರೆ ಕೀಳುವುದು ಸಂಕ್ರಾಂತಿ ಆದ ಮೇಲೆ. ಅಷ್ಟಕ್ಕೇ ಮುಗಿಯುವುದಿಲ್ಲ. ಬೇಯಿಸಬೇಕು, ಒಣಗಿಸಬೇಕು, ಪಾಲಿಶ್ ಮಾಡಿಸಬೇಕು. ಹೆಜ್ಜೆ ಹೆಜ್ಜೆಗೂ ಕೂಲಿ. 2019ರಲ್ಲಿ ಮಾರುಕಟ್ಟೆಯಲ್ಲಿ ಸಿಗುತ್ತಿದ್ದದ್ದು ಐದಾರು ಸಾವಿರದ ಆಸುಪಾಸು. ಕೇಂದ್ರದ ಕನಿಷ್ಠ ಬೆಂಬಲ ಬೆಲೆ ಪಟ್ಟಿಯಲ್ಲಿ ಅರಿಶಿನ ಇಲ್ಲದ ಕಾರಣ, ದರ ಕುಸಿದರೆ ಹಿಡಿದು ನಿಲ್ಲಿಸಲು ಕನಿಷ್ಠ ದರವೆಂಬುದೇ ಇಲ್ಲ. ಇದರ ಜೊತೆಗೆ ಕೆಂಪು ಜೋಳಕ್ಕೆ ಕ್ವಿಂಟಲ್‌ಗೆ 3,500 ರೂ. ಕೊಡಬೇಕೆಂಬ ಬೇಡಿಕೆಯೂ ನಿಜಾಮಾಬಾದ್ ರೈತರದ್ದಾಗಿತ್ತು.

ಹತ್ತು ಸೂಚಕರ ನಿಯಮ, ಬೆಳಗಾವಿಯ ನಂಟು

ದೇಶದ ಯಾವುದೇ ಕ್ಷೇತ್ರದ ಮತದಾರ ವಾರಾಣಸಿಯಲ್ಲಿ ಸ್ಪರ್ಧಿಸಬಹುದು. ಆದರೆ ಪಕ್ಷೇತರನಿಗೆ ಅದೇ ಕ್ಷೇತ್ರದ 10 ಮತದಾರರು ಸೂಚಕರಾಗಿ ಸಹಿ ಹಾಕಬೇಕು. ಭಾಷೆ ಬಾರದ ಊರಿನಲ್ಲಿ ಹತ್ತು ಜನರನ್ನು ಹುಡುಕುವುದು ಸುಲಭದ ಕೆಲಸವಲ್ಲ. ಸ್ಥಳೀಯರು ಸಹಿ ಹಾಕದಂತೆ ಒತ್ತಡವಿದೆ ಎಂದೂ ರೈತರು ಆಗ ಆರೋಪಿಸಿದ್ದರು. ಇಪ್ಪತ್ತೈದರಷ್ಟು ರೈತರು ನಾಮಪತ್ರ ಸಲ್ಲಿಸಿದರೂ ಪರಿಶೀಲನೆಯಲ್ಲಿ ಉಳಿದದ್ದು ಇಸ್ತಾರಿ ಅವರದ್ದೊಂದೇ.

ಈ ನಿಯಮದ ಹಿಂದೆ ಕನ್ನಡಿಗರು ನೆನಪಿಡಬೇಕಾದ ಕಥೆಯೊಂದಿದೆ. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 456 ಮಂದಿ, ಫ್ಲೋರೈಡ್ ನೀರಿನಿಂದ ನೊಂದ ನಲ್ಗೊಂಡದಲ್ಲಿ 480 ಮಂದಿ, ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ 1,033 ಮಂದಿ ಕಣದಲ್ಲಿದ್ದರು. ಆ ವರ್ಷವೇ ಕಾನೂನು ತಿದ್ದುಪಡಿಯಾಗಿ ಲೋಕಸಭೆಗೆ 500 ರೂ. ಇದ್ದ ಠೇವಣಿ 10,000ಕ್ಕೆ ಏರಿತು, ಪಕ್ಷೇತರರಿಗೆ ಹತ್ತು ಸೂಚಕರು ಕಡ್ಡಾಯವಾದರು. ಈಗ ಠೇವಣಿ 25,000 ರೂ. ಗುಂಪಾಗಿ ಸ್ಪರ್ಧಿಸಿ ಪ್ರತಿಭಟಿಸುವುದನ್ನು ತಡೆಯಲು ಬಂದ ಬೇಲಿ, 23 ವರ್ಷಗಳ ಬಳಿಕ ಅರಿಶಿನ ರೈತರಿಗೂ ಅಡ್ಡ ಬಂತು.

ಫಲಿತಾಂಶದ ನಂತರ ಏನಾಯ್ತು?

ಮೇ 19ರಂದು ವಾರಾಣಸಿಯಲ್ಲಿ ಮತದಾನ ನಡೆದು, ಮೋದಿ 4,79,505 ಮತಗಳ ಅಂತರದಲ್ಲಿ ಗೆದ್ದರು. ಶಾಲಿನಿ ಯಾದವ್ ಹೊರತುಪಡಿಸಿ ಎದುರಾಳಿಗಳೆಲ್ಲರೂ ಠೇವಣಿ ಕಳೆದುಕೊಂಡರು. ಇಸ್ತಾರಿ ಅವರೂ ಸೇರಿ. ಅತ್ತ ನಿಜಾಮಾಬಾದ್‌ನಲ್ಲಿ ಕವಿತಾ ಅವರನ್ನು ಬಿಜೆಪಿಯ ಧರ್ಮಪುರಿ ಅರವಿಂದ್ 70,875 ಮತಗಳಿಂದ ಸೋಲಿಸಿದರು. ಮಂಡಳಿ ತರುತ್ತೇನೆ, ಇಲ್ಲದಿದ್ದರೆ ರಾಜೀನಾಮೆ ಕೊಡುತ್ತೇನೆ ಎಂದು ಛಾಪಾ ಕಾಗದದಲ್ಲಿ ಬರೆದುಕೊಟ್ಟು ಗೆದ್ದವರು ಅವರು.

2020ರಲ್ಲಿ ಬಂದದ್ದು ಸಾಂಬಾರ ಮಂಡಳಿಯ ಪ್ರಾದೇಶಿಕ ಕಚೇರಿ. ರೈತರು ಒಪ್ಪಲಿಲ್ಲ. ತೆಲಂಗಾಣ ವಿಧಾನಸಭಾ ಚುನಾವಣೆ ಹತ್ತಿರವಿದ್ದಾಗ, 2023ರ ಅಕ್ಟೋಬರ್ 1ರಂದು ಮೆಹಬೂಬ್‌ನಗರದಲ್ಲಿ ಪ್ರಧಾನಿಯವರೇ ರಾಷ್ಟ್ರೀಯ ಅರಿಶಿನ ಮಂಡಳಿ ಘೋಷಿಸಿದರು. ಮಂಡಳಿಗೆ ಚಾಲನೆ ಸಿಕ್ಕಿದ್ದು 2025ರ ಜನವರಿ 14ರಂದು. ಕೇಂದ್ರ ಕಚೇರಿ ನಿಜಾಮಾಬಾದ್‌ನಲ್ಲೇ, ಅಧ್ಯಕ್ಷರು ಪಲ್ಲೆ ಗಂಗಾರೆಡ್ಡಿ. ಅದೇ ವರ್ಷ ಜೂನ್ 29ರಂದು ಅಮಿತ್ ಶಾ ಕಚೇರಿ ಉದ್ಘಾಟಿಸಿದರು.

ಎರಡನೇ ಬೇಡಿಕೆ ಇದ್ದಲ್ಲೇ ಇದೆ. 2024ರ ಹಂಗಾಮಿನಲ್ಲಿ ದರ ತಾನಾಗಿಯೇ 15 ಸಾವಿರ ದಾಟಿತ್ತು, ಮರುವರ್ಷ ಮತ್ತೆ ಇಳಿಯಿತು. ಮಂಡಳಿಗೆ ರಫ್ತು ಹೆಚ್ಚಿಸುವ ಹೊಣೆ ಇದೆ, ಖರೀದಿಯ ಹೊಣೆ ಇಲ್ಲ. ಚಾಮರಾಜನಗರದಿಂದ ಈರೋಡ್‌ಗೆ, ಬೆಳಗಾವಿ ಮತ್ತು ಬಾಗಲಕೋಟೆಯಿಂದ ಸಾಂಗ್ಲಿಗೆ ಚೀಲ ಹೊತ್ತು ಹೋಗುವ ಕರ್ನಾಟಕದ ಬೆಳೆಗಾರರಿಗೂ ಅಲ್ಲಿನ ಹರಾಜಿನಲ್ಲಿ ಕೂಗಿದ್ದೇ ಬೆಲೆ.