ಸದಾಶಿವಗಡದ ಭೂಶಿರವೂ ಘಟ್ಟದ ಮೇಲಣ ನಾಡೂ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಪ್ರಾಂತವು ಕಡಲಿಗೆ ದೂರವಾದುದು. ಅಲ್ಲಿಯ ಘಟಪ್ರಭೆಯು ಸಹ್ಯಾದ್ರಿಯಲ್ಲಿ ಹುಟ್ಟಿಯೂ ಪಡುಗಡಲಿಗೆ ಬೆನ್ನುಮಾಡಿ ಮೂಡಣಕ್ಕೆ ಹರಿದು ಕೃಷ್ಣೆಯನ್ನು ಸೇರುತ್ತದೆ. ಆದರೆ ನೀರು ಹರಿದ ದಿಕ್ಕಿಗೆ ಸರಕು ಹರಿಯಲಿಲ್ಲ. ಬೆಳಗಾವಿ, ಧಾರವಾಡ ಸೀಮೆಗಳ ಹತ್ತಿಗೂ ಅರಿವೆಗೂ ಹೊರದೇಶದ ದಾರಿ ಪಡುವಣ ಘಟ್ಟಗಳನ್ನು ಇಳಿದೇ ಹೋಗಬೇಕಾಗಿತ್ತು. ಆದುದರಿಂದ ಕರಾವಳಿಯ ರೇವುಗಳ ಚರಿತ್ರೆಯನ್ನು ಕಡಲ ಕಡೆಯಿಂದ ಮಾತ್ರವೇ ನೋಡಿದರೆ ಸಾಲದು. ಇದಕ್ಕೆ ಸದಾಶಿವಗಡವು ಒಳ್ಳೆಯ ನಿದರ್ಶನವಾಗಿದೆ.

ಕಾಳೀ ನದಿಯು ಕಡಲನ್ನು ಸೇರುವಲ್ಲಿ, ಅಳಿವೆಯ ಬಡಗಣ ದಡದಲ್ಲಿ, ಈ ಕಲ್ಗುಡ್ಡವು ನೀರಿನಂಚಿನಿಂದ ಕಡಿದಾಗಿ ಎದ್ದು ನಿಂತಿದೆ. ತೆಂಕಣ ದಡದಲ್ಲಿ ಕಾರವಾರವಿದೆ. ಇದರ ಬುಡದಲ್ಲಿರುವ ಚಿತ್ತಾಕುಲವನ್ನು ಹದಿನಾರನೆಯ ಶತಮಾನದ ಪೋರ್ತುಗೀಸರು ‘ಸಿಂತಾಕೋರಾ’ ಎಂದು ಕರೆದರು. ಗುಡ್ಡದ ಮೇಲಣ ಕೋಟೆಯನ್ನು ಕಟ್ಟಿಸಿದವನಾದರೋ ಕಡಲಿನವನಲ್ಲ. ಘಟ್ಟದ ಮೇಲಣ ಸೋದೆಯ ಅರಸನಾದ ಬಸವಲಿಂಗನು (1674–1697). ತನ್ನ ತಂದೆಯ ಹೆಸರನ್ನೇ ಆತನು ಅದಕ್ಕಿಟ್ಟನು. ಅಳಿವೆಯನ್ನು ಕಾಯುವವನ ಕೈಯಲ್ಲಿ ಒಳನಾಡಿನ ವ್ಯಾಪಾರದ ಬಾಗಿಲಿರುವುದೆಂಬ ವಿಚಾರವನ್ನು ಆತನು ಬಲ್ಲವನಾಗಿದ್ದಿರಬೇಕು.

ಆ ವ್ಯಾಪಾರವು ಅಲ್ಪವಾದುದಾಗಿರಲಿಲ್ಲ. ಇಂಗ್ಲಿಷರು 1638ರಲ್ಲಿಯೇ ಕಾರವಾರದಲ್ಲಿ ಕೋಠಿಯನ್ನು ತೆರೆದಿದ್ದರು. ಹುಬ್ಬಳ್ಳಿಯ ಕಡೆಯ ನೇಕಾರರು ನೆಯ್ದ ನವುರಾದ ಬಟ್ಟೆಯೂ ಘಟ್ಟದ ಮೆಣಸೂ ಅಲ್ಲಿಂದ ಹಡಗೇರುತ್ತಿದ್ದುವು. 1665ರಲ್ಲಿ ಶಿವಾಜಿಯು ಕಾರವಾರದಿಂದ ಕಪ್ಪವನ್ನು ವಸೂಲು ಮಾಡಿದಾಗ ಇಂಗ್ಲಿಷರೂ ತಮ್ಮ ಪಾಲನ್ನು ತೆರಬೇಕಾಯಿತು. 1752ರಲ್ಲಿ ಪೋರ್ತುಗೀಸರು ಸದಾಶಿವಗಡವನ್ನು ಹಿಡಿದು ಕಾರವಾರದ ವ್ಯಾಪಾರವೆಲ್ಲ ತಮ್ಮದೆಂದು ಸಾಧಿಸಲು, ಇಂಗ್ಲಿಷರು ತಮ್ಮ ಪ್ರತಿನಿಧಿಯನ್ನು ಹಿಂದಕ್ಕೆ ಕರೆಸಿಕೊಂಡರು. ಪೋರ್ತುಗೀಸರು 1754ರಲ್ಲಿ ಕೋಟೆಯನ್ನು ಹಿಂದಿರುಗಿಸಿದರು. ಬಳಿಕ ಅದು ಹೈದರನ ವಶವಾಗಿ, 1783ರಲ್ಲಿ ಜನರಲ್ ಮ್ಯಾಥ್ಯೂಸನ ಸೈನ್ಯಕ್ಕೆ ಸಿಕ್ಕಿತು.

ಅಮೆರಿಕದ ಅಂತರ್ಯುದ್ಧದಿಂದ (1861–65) ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಅಭಾವವುಂಟಾದಾಗ ಈ ಬಂಡೆಯ ಭಾಗ್ಯವು ಮತ್ತೊಮ್ಮೆ ತೆರೆದಂತೆ ತೋರಿತು. ಮ್ಯಾಂಚೆಸ್ಟರಿನ ಹತ್ತಿಯ ಕಂಪನಿಯು ಸದಾಶಿವಗಡಕ್ಕೆ ಯಂತ್ರಗಳನ್ನು ಕಳುಹಿಸಿತು. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಆದರೆ ಹಡಗು ಬಂದಿತೇ ಹೊರತು ಘಟ್ಟದ ರಸ್ತೆಯು ಸಿದ್ಧವಾಗಿರಲಿಲ್ಲ. ಮುಂದೆ ರೈಲು ಹಾಕುವ ಕಾಲಕ್ಕೆ ಅದು ಲೋಂಡಾ, ಕ್ಯಾಸಲ್‌ರಾಕ್‌ಗಳ ಮೂಲಕ ಗೋವೆಯ ಮಾರ್ಮಗೋವೆಗೆ ಇಳಿಯಿತು. 1887ರಲ್ಲಿ ಗೋಕಾಕದ ಜಲಪಾತದ ಬಳಿ ನೂಲಿನ ಗಿರಣಿಯು ಆರಂಭವಾಯಿತು. 1888ರಲ್ಲಿ ಮಾರ್ಮಗೋವೆಯ ಮಾರ್ಗವು ತೆರೆಯಿತು. ಹೀಗೆ ಒಳನಾಡಿನ ಹತ್ತಿಯ ಒಂದಂಶವು ಊರಿನಲ್ಲಿಯೇ ನೂಲಾಗತೊಡಗಿತು. ಹೊರಗೆ ಹೋಗಬೇಕಾದುದಕ್ಕೆ ಬೇರೆ ಬಾಗಿಲು ದೊರೆಯಿತು. ಕಾರವಾರದ ರೇವು ಸೊರಗಿತು.

ಮಳೆಗಾಲದ ಬಿರುಗಾಳಿಯಲ್ಲಿಯೂ ಹಡಗಿಗೆ ಆಸರೆಯೀಯಬಲ್ಲುದೆಂದು ನಾವಿಕರಿಂದ ಹೊಗಳಿಸಿಕೊಂಡ ಕೊಲ್ಲಿಯಿದು. ಅದರ ಆಳವು ಕುಗ್ಗಲಿಲ್ಲ, ಬಂಡೆಯು ಸವೆಯಲಿಲ್ಲ, ದಾರಿಯೊಂದು ತಪ್ಪಿತು. ಮುಂದೆ ಕೊಂಕಣ ರೈಲು ಕಾರವಾರವನ್ನು ಮುಟ್ಟಿದರೂ ಅದು ಕರಾವಳಿಯುದ್ದಕ್ಕೆ ಸಾಗುವ ದಾರಿಯೇ ಹೊರತು ಘಟ್ಟವನ್ನು ಹತ್ತುವ ದಾರಿಯಲ್ಲ. ಹತ್ತಬೇಕಾಗಿದ್ದ ಹುಬ್ಬಳ್ಳಿ–ಅಂಕೋಲೆಯ ಮಾರ್ಗವು ಕಾಡಿನ ಅಳಿವು ಉಳಿವಿನ ವಿವಾದದಲ್ಲಿ ದಶಕಗಳ ಕಾಲ ತಡೆದು ನಿಂತಿತು. ರೇವನ್ನು ಬೆಳೆಸುವುದೂ ಬಾಡಿಸುವುದೂ ಅದರ ಬೆನ್ನ ಹಿಂದಣ ನಾಡೇ ಎಂಬುದು ಸದಾಶಿವಗಡದ ವೃತ್ತಾಂತದಿಂದ ವ್ಯಕ್ತವಾಗುತ್ತದೆ.