ಗಾಲ್ಫ್ ಹೊಡೆತದಲ್ಲಿ ಪಾದಗಳ ಪಾತ್ರ

ಗಾಲ್ಫ್ ಎಂದೊಡನೆ ಅದು ಸಿರಿವಂತರ ಆಟ, ನಮ್ಮಂಥವರಿಗೆ ಹೇಳಿದ್ದಲ್ಲ ಎಂಬ ಭಾವನೆ ನಮ್ಮ ಮನೆಗಳಲ್ಲಿ ಬಹಳ ಕಾಲದಿಂದ ಬೇರೂರಿದೆ. ಅದು ಪೂರ್ತಿ ಸುಳ್ಳೂ ಅಲ್ಲ. ಅಂಧೇರಿಯ ನಿವಾಸಿಗಳಾದ ನಮಗೆ ಗಾಲ್ಫ್ ಮೈದಾನವೆಂದರೆ 1927ರಲ್ಲಿ ಸ್ಥಾಪನೆಗೊಂಡ ಚೆಂಬೂರಿನ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ಬಿನತ್ತ, ಇಲ್ಲವೇ ಸಿಡ್ಕೋ ಸಂಸ್ಥೆಯು ಖಾರ್ಘರ್‌ನಲ್ಲಿ ನಿರ್ಮಿಸಿದ ಮೈದಾನದತ್ತ ನೋಡಬೇಕು. ಆದರೂ ಇತ್ತೀಚಿನ ವರ್ಷಗಳಲ್ಲಿ ನಮ್ಮವರಲ್ಲಿ ಹಲವರು, ವಿಶೇಷವಾಗಿ ನಿವೃತ್ತಿಯ ಅಂಚಿನಲ್ಲಿರುವವರು ಮತ್ತು ಕಂಪೆನಿಗಳಲ್ಲಿ ದುಡಿಯುವ ಅವರ ಮಕ್ಕಳು, ಈ ಆಟದತ್ತ ಒಲವು ತೋರುತ್ತಿದ್ದಾರೆ. ಅವರಿಗೆ ಉಪಯೋಗವಾಗಲೆಂದು ಆಟದ ಒಂದು ಮೂಲಭೂತ ಅಂಗವನ್ನು ಇಲ್ಲಿ ವಿವರಿಸಲಾಗಿದೆ.

ನಮ್ಮದೇ ಅನುಭವವನ್ನು ಮೊದಲು ನಿವೇದಿಸಿಕೊಳ್ಳುತ್ತೇವೆ. ಮೂರು ದಶಕಗಳ ಕಾಲ ಬ್ಯಾಂಕಿನ ಕುರ್ಚಿಯಲ್ಲಿ ಕುಳಿತೇ ಕೆಲಸ ಮಾಡಿದ ನಾವು, ಐವತ್ತು ದಾಟಿದ ಮೇಲೆ ಮಿತ್ರರ ಒತ್ತಾಯಕ್ಕೆ ಮಣಿದು ಈ ಆಟವನ್ನು ಕಲಿಯಲು ಹೊರಟೆವು. ಕೈಗವಸು ಕೊಂಡೆವು, ಕೋಲನ್ನು ಹಿಡಿಯುವ ಕ್ರಮವನ್ನು ಅಭ್ಯಾಸ ಮಾಡಿದೆವು, ತೋಳುಗಳ ಬಲವನ್ನೆಲ್ಲ ಹಾಕಿ ಹೊಡೆದೆವು. ಚೆಂಡು ಬಲಕ್ಕೆ ಓಡುತ್ತಿತ್ತು. ಒಂದು ತಿಂಗಳೊಳಗೆ ಸೊಂಟ ಹಿಡಿದುಕೊಂಡಿತು. ನಮ್ಮನ್ನು ಗಮನಿಸುತ್ತಿದ್ದ ಹಿರಿಯ ತರಬೇತುದಾರರೊಬ್ಬರು, "ಸಾಹೇಬರೇ, ನಿಮ್ಮ ಕೈ ಸರಿಯಾಗಿಯೇ ಇದೆ, ಕಾಲು ಮಾತ್ರ ಇನ್ನೂ ಬ್ಯಾಂಕಿನಲ್ಲಿದೆ" ಎಂದರು. ಆ ದಿನದಿಂದ ನಮ್ಮ ಗಮನ ಕೈಯಿಂದ ಕಾಲಿಗಿಳಿಯಿತು.

ನೆಲವೇ ಶಕ್ತಿಯ ಮೂಲ

ಕೋಲಿನ ವೇಗವು ತೋಳುಗಳಿಂದಲೇ ಹುಟ್ಟುತ್ತದೆಂದು ನೋಡುವವರಿಗೆ ಅನಿಸುವುದು ಸಹಜ. ವಾಸ್ತವದಲ್ಲಿ ಅದು ನೆಲದಿಂದ ಆರಂಭವಾಗುತ್ತದೆ. ಪಾದಗಳು ನೆಲವನ್ನು ಒತ್ತಿದಷ್ಟೇ ಬಲದಿಂದ ನೆಲವೂ ಪಾದಗಳನ್ನು ಮರಳಿ ಒತ್ತುತ್ತದೆ. ಇದು ಶಾಲೆಯಲ್ಲಿ ಓದಿದ ನ್ಯೂಟನ್ನನ ಮೂರನೆಯ ನಿಯಮ. ಆ ಬಲವು ಕಾಲುಗಳಿಂದ ಸೊಂಟಕ್ಕೆ, ಸೊಂಟದಿಂದ ಎದೆಗೆ, ಎದೆಯಿಂದ ತೋಳುಗಳಿಗೆ, ಕೊನೆಗೆ ಕೋಲಿನ ತುದಿಗೆ ಹರಿಯುತ್ತದೆ. ಕೋಲು ಮೇಲಿನಿಂದ ಚೆಂಡಿನವರೆಗೆ ಇಳಿಯಲು ಸುಮಾರು ಕಾಲು ಸೆಕೆಂಡು ಸಾಕು. ಚೆಂಡಿನೊಡನೆ ಅದರ ಸ್ಪರ್ಶವು ಸೆಕೆಂಡಿನ ಎರಡು ಸಾವಿರದ ಒಂದು ಭಾಗದಷ್ಟು ಮಾತ್ರ. ಅಷ್ಟರಲ್ಲಿ ಕೈಗಳಿಂದ ಏನನ್ನೂ ತಿದ್ದಲಾಗದು. ಕಾಲುಗಳು ಮೊದಲೇ ಸರಿಯಾಗಿದ್ದರೆ ಉಳಿದುದು ತಾನಾಗಿ ಸರಿಹೋಗುತ್ತದೆ.

ನಿಲುವು

ಇಲ್ಲಿ ಹೇಳಿರುವುದೆಲ್ಲ ಬಲಗೈ ಆಟಗಾರರಿಗೆ ಅನ್ವಯಿಸುತ್ತದೆ. ಎಡಗೈಯವರು ಎಡಬಲಗಳನ್ನು ಅದಲುಬದಲಾಗಿ ಓದಿಕೊಳ್ಳಬೇಕು. ಅತಿ ಉದ್ದವಾದ ಡ್ರೈವರ್ ಬಳಸುವಾಗ ಪಾದಗಳ ನಡುವಿನ ಅಂತರ ಭುಜಗಳ ಅಗಲದಷ್ಟಿರಲಿ. ಕೋಲು ಗಿಡ್ಡವಾದಂತೆ ಅಂತರವೂ ಕಿರಿದಾಗಬೇಕು. ಡ್ರೈವರ್ ಹೊಡೆತಕ್ಕೆ ಚೆಂಡು ಎಡ ಹಿಮ್ಮಡಿಯ ನೇರಕ್ಕೂ, ಗಿಡ್ಡ ಕೋಲುಗಳಿಗೆ ಪಾದಗಳ ಮಧ್ಯಭಾಗದ ಸಮೀಪಕ್ಕೂ ಇರುವುದು ವಾಡಿಕೆ. ದೇಹದ ಭಾರ ಬೆರಳುಗಳ ಮೇಲೂ ಬೀಳಬಾರದು, ಹಿಮ್ಮಡಿಯ ಮೇಲೂ ಕೂರಬಾರದು. ಅಂಗಾಲಿನ ನಡುಭಾಗದಲ್ಲಿ ನೆಲೆಸಬೇಕು. ಮಂಡಿಗಳು ತುಸುವೇ ಬಾಗಿರಲಿ. ಭರತನಾಟ್ಯ ಕಲಿತ ಹೆಣ್ಣುಮಕ್ಕಳು ಇದನ್ನು ಅರೆಮಂಡಿಯೆಂದು ಭಾವಿಸಬಾರದು. ಅರೆಮಂಡಿಯಲ್ಲಿ ಮಂಡಿಗಳು ಹೊರಕ್ಕೆ ತೆರೆದುಕೊಳ್ಳುತ್ತವೆ. ಇಲ್ಲಿ ಅವು ಮುಂದಕ್ಕೇ ಇರುತ್ತವೆ.

ಪಾದಗಳು ಯಾವ ದಿಕ್ಕಿಗೆ ಮುಖ ಮಾಡಿವೆ ಎಂಬುದೂ ಮುಖ್ಯ. ಅಮೆರಿಕದ ಮಹಾನ್ ಆಟಗಾರ ಬೆನ್ ಹೋಗನ್ 1957ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಬಲಪಾದವನ್ನು ನೇರವಾಗಿಯೂ ಎಡಪಾದವನ್ನು ಗುರಿಯತ್ತ ಕೊಂಚ ಹೊರಳಿಸಿಯೂ ಇಡಲು ಸೂಚಿಸಿದ್ದಾನೆ. ಎಡಪಾದ ಹೊರಳಿರುವುದರಿಂದ ಹೊಡೆತದ ನಂತರ ದೇಹ ತಿರುಗುವುದು ಸುಲಭ. ಸೊಂಟ ಬಿಗಿದಿರುವ ಹಿರಿಯರು ಬಲಪಾದವನ್ನೂ ಸ್ವಲ್ಪ ಹೊರಳಿಸಿದರೆ ಹಿಂದಕ್ಕೆ ತಿರುಗಲು ಅನುಕೂಲವಾಗುತ್ತದೆ.

ಹಿಂದಕ್ಕೆ, ಮುಂದಕ್ಕೆ

ಕೋಲನ್ನು ಹಿಂದಕ್ಕೆ ಎತ್ತುವಾಗ ಭಾರವು ಬಲಪಾದದ ಒಳಬದಿಗೆ ಸರಿಯಬೇಕು. ಅದು ಪಾದದ ಹೊರ ಅಂಚಿಗೆ ಜಾರಿದರೆ ದೇಹ ತಿರುಗುವ ಬದಲು ಪಕ್ಕಕ್ಕೆ ತೂಗುತ್ತದೆ. ಹೊಸಬರಲ್ಲಿ ಇದು ಬಹಳ ಸಾಮಾನ್ಯವಾದ ದೋಷ. ಎಡ ಹಿಮ್ಮಡಿಯನ್ನು ಎತ್ತಬಹುದೇ ಎಂಬ ಪ್ರಶ್ನೆಗೆ ಎರಡು ಅಭಿಪ್ರಾಯಗಳಿವೆ. ಜ್ಯಾಕ್ ನಿಕ್ಲಸ್ ಹಿಮ್ಮಡಿಯನ್ನು ಎತ್ತಿಯೇ ಆಡಿದರು; ಈಗಿನ ಆಟಗಾರರಲ್ಲಿ ಹೆಚ್ಚಿನವರು ನೆಲಕ್ಕೆ ಒತ್ತಿಕೊಂಡಿರುತ್ತಾರೆ. ಮೈ ಮಣಿಯದವರು ತುಸು ಎತ್ತುವುದರಲ್ಲಿ ತಪ್ಪಿಲ್ಲ.

ಮುಂದಕ್ಕೆ ಬೀಸುವಾಗ ಕ್ರಮವೇ ಎಲ್ಲಕ್ಕಿಂತ ಮಿಗಿಲು. ಕೋಲು ಮೇಲಿನ ತುದಿಯನ್ನು ಮುಟ್ಟುವ ಮೊದಲೇ ಭಾರವು ಎಡಪಾದದತ್ತ ಹೊರಟಿರಬೇಕು. ಎಡ ಹಿಮ್ಮಡಿ ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಅನಂತರ ತೋಳುಗಳು ಹಿಂಬಾಲಿಸುತ್ತವೆ. ಯಕ್ಷಗಾನದಲ್ಲಿ ಹೆಜ್ಜೆ ತಾಳವನ್ನು ಹಿಡಿದ ಮೇಲಷ್ಟೇ ಕೈಯ ಅಭಿನಯಕ್ಕೆ ಅರ್ಥ ಬರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇಲ್ಲಿಯೂ ಅದೇ ನ್ಯಾಯ.

ಇದನ್ನು ಅರಿಯಲು ಮುಂಬಯಿಗರಿಗೆ ಬೇರೆ ಗುರು ಬೇಕಿಲ್ಲ. ಅಂಧೇರಿಯಿಂದ ಚರ್ಚ್‌ಗೇಟಿಗೆ ಲೋಕಲ್ ಗಾಡಿಯಲ್ಲಿ ಹಿಡಿಕೆಯಿಲ್ಲದೆ, ಕಿಟಕಿಯ ಕಡೆ ಮುಖ ಮಾಡಿ ನಿಂತು ಪ್ರಯಾಣ ಮಾಡಿದವರು ನೆನಪಿಸಿಕೊಳ್ಳಲಿ. ಗಾಡಿ ಹೊರಟಾಗ ಭಾರ ಹಿಂದಿನ ಕಾಲಿಗೂ, ನಿಧಾನಿಸಿದಾಗ ಮುಂದಿನ ಕಾಲಿಗೂ ಸರಿಯುತ್ತದೆ. ಮಂಡಿ ಸಡಿಲವಾಗಿದ್ದವರು ನಿಲ್ಲುತ್ತಾರೆ, ಕಾಲನ್ನು ಕಂಬದಂತೆ ಬಿಗಿದವರು ಪಕ್ಕದವರ ಮೇಲೆ ಬೀಳುತ್ತಾರೆ.

ಹೊಡೆತ ಮುಗಿದಾಗ ಬಹುಪಾಲು ಭಾರ ಎಡಪಾದದ ಮೇಲಿರಬೇಕು. ಬಲ ಹಿಮ್ಮಡಿ ಮೇಲೆದ್ದು ಬೆರಳ ತುದಿ ಮಾತ್ರ ನೆಲಕ್ಕೆ ತಾಗಿರಬೇಕು. ಸೊಂಟಪಟ್ಟಿಯ ಬಕಲ್ ಗುರಿಯತ್ತ ನೋಡುತ್ತಿರಬೇಕು. ಚೆಂಡು ನೆಲಕ್ಕೆ ಬೀಳುವವರೆಗೆ ಹಾಗೆಯೇ ನಿಲ್ಲಲು ಸಾಧ್ಯವಾದರೆ ಸಮತೋಲ ಸಿದ್ಧಿಸಿತೆಂದು ತಿಳಿಯಬಹುದು.

ಮರಳು ಮತ್ತು ಮಳೆ

ಬಂಕರ್ ಎಂಬ ಮರಳುಗುಂಡಿಯಲ್ಲಿ ಪಾದಗಳನ್ನು ತಿರುಚಿ ಮರಳಿನೊಳಗೆ ಊರಿ ನಿಲ್ಲಬೇಕು. ಮರಳು ಗಟ್ಟಿಯೋ ಸಡಿಲವೋ ಎಂಬುದು ಅಂಗಾಲಿಗೇ ತಿಳಿಯುತ್ತದೆ. ಮರಳಿನ ಸ್ಥಿತಿಯನ್ನು ಕೈಯಿಂದಾಗಲಿ ಕೋಲಿನಿಂದಾಗಲಿ ಪರೀಕ್ಷಿಸಲು ನಿಯಮವು ಅವಕಾಶ ಕೊಡುವುದಿಲ್ಲ. ನಿಲ್ಲುವುದಕ್ಕಾಗಿ ಪಾದ ಊರುವುದಕ್ಕೆ ಅಡ್ಡಿಯಿಲ್ಲ. ನಮ್ಮ ಮಳೆಗಾಲದಲ್ಲಿ ಹುಲ್ಲು ಜಾರುವುದರಿಂದ ಬೀಸನ್ನು ಮೊಟಕುಗೊಳಿಸುವುದು ಲೇಸು. ಹಿಂದೆ ಲೋಹದ ಮೊಳೆಗಳಿದ್ದ ಬೂಟುಗಳು ರೂಢಿಯಲ್ಲಿದ್ದವು. ಈಗ ಮೃದುವಾದ ಮೊಳೆಗಳ ಅಥವಾ ಮೊಳೆಯಿಲ್ಲದ ಬೂಟುಗಳೇ ಹೆಚ್ಚು.

ಸೊಂಟ ಮತ್ತು ಮಂಡಿಗಳ ರಕ್ಷಣೆ

ನಮ್ಮ ವಯಸ್ಸಿನವರು ಈ ಭಾಗವನ್ನು ಗಮನವಿಟ್ಟು ಓದಬೇಕೆಂದು ವಿನಂತಿ. ಹವ್ಯಾಸಿ ಗಾಲ್ಫ್ ಆಟಗಾರರನ್ನು ಅತಿಯಾಗಿ ಕಾಡುವ ತೊಂದರೆಗಳಲ್ಲಿ ಕೆಳಬೆನ್ನಿನ ನೋವು ಪ್ರಮುಖವಾದುದು. ಪಾದಗಳನ್ನು ನೆಲಕ್ಕೆ ಅಂಟಿಸಿಕೊಂಡು ಮೈಯನ್ನಷ್ಟೇ ತಿರುಗಿಸಿದಾಗ ಆ ತಿರುಚನ್ನೆಲ್ಲ ಬೆನ್ನೆಲುಬು ಹೊರಬೇಕಾಗುತ್ತದೆ. ಹಿಮ್ಮಡಿಗಳು ಏಳುವುದಕ್ಕೂ ಸೊಂಟ ತಿರುಗುವುದಕ್ಕೂ ಅವಕಾಶ ಕೊಟ್ಟರೆ ಆ ಹೊರೆ ಹಂಚಿಹೋಗುತ್ತದೆ. ಎಡಪಾದವನ್ನು ಹೊರಳಿಸಿ ಇಡುವುದರಿಂದ ಎಡಮಂಡಿಯ ಮೇಲಿನ ಒತ್ತಡವೂ ಕಡಿಮೆಯಾಗುತ್ತದೆ. ಈಗಾಗಲೇ ನೋವಿರುವವರು ವೈದ್ಯರ ಸಲಹೆ ಪಡೆದೇ ಮುಂದುವರಿಯಬೇಕು.

ಮನೆಯಲ್ಲೇ ಅಭ್ಯಾಸ

ಪಾದಗಳ ಅಭ್ಯಾಸಕ್ಕೆ ಮೈದಾನವೂ ಬೇಡ, ಚೆಂಡೂ ಬೇಡ. ಕಟ್ಟಡದ ತಾರಸಿಯಲ್ಲಿ ಒಂದು ಹಳೆಯ ಕೊಡೆ ಹಿಡಿದು ಬರಿಗಾಲಲ್ಲಿ ನಿಂತರೆ ಸಾಕು. ಮೊದಲನೆಯದಾಗಿ, ಎರಡೂ ಪಾದಗಳನ್ನು ಜೋಡಿಸಿ ನಿಧಾನವಾಗಿ ಬೀಸಬೇಕು. ಕೈಯ ಬಲ ಅತಿಯಾದರೆ ಕೂಡಲೇ ವಾಲುತ್ತೇವೆ. ಎರಡನೆಯದಾಗಿ, ಜೋಡಿಸಿದ ಪಾದಗಳಿಂದ ಆರಂಭಿಸಿ, ಕೊಡೆ ಹಿಂದಕ್ಕೆ ಹೋಗುತ್ತಿರುವಾಗಲೇ ಎಡಗಾಲನ್ನು ಗುರಿಯತ್ತ ಒಂದು ಹೆಜ್ಜೆ ಇಟ್ಟು, ಆಮೇಲೆ ಬೀಸಬೇಕು. ಕಾಲು ಮೊದಲು, ಕೈ ಆಮೇಲೆ ಎಂಬ ಕ್ರಮ ಮೈಗೂಡುತ್ತದೆ. ಮೂರನೆಯದಾಗಿ, ಬೀಸಿ ಮುಗಿದ ಭಂಗಿಯಲ್ಲಿ ಐದು ಎಣಿಸುವವರೆಗೆ ನಿಲ್ಲಬೇಕು. ದಿನಕ್ಕೆ ಹತ್ತು ನಿಮಿಷ ಧಾರಾಳವಾಯಿತು. ಮನೆಯೊಳಗೆ ಪ್ರಯತ್ನಿಸುವವರು ಸೀಲಿಂಗ್ ಫ್ಯಾನನ್ನೂ ಗೃಹಿಣಿಯ ಶೋಕೇಸನ್ನೂ ಮರೆಯಬಾರದು.

ಕರ್ನಾಟಕದ ನಿದರ್ಶನ

ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಿಂದಿನದು. ಆದರೂ ಆಟವು ಬಂಗಲೆಗಳವರಿಗಷ್ಟೇ ಮೀಸಲಾಗಿ ಉಳಿಯಲಿಲ್ಲ. ಬಿಡದಿ ಬಳಿಯ ಹಳ್ಳಿಯೊಂದರ ಎಸ್. ಚಿಕ್ಕರಂಗಪ್ಪ, ಸಮೀಪದ ಈಗಲ್‌ಟನ್ ಮೈದಾನದಲ್ಲಿ ಬಾಲ್ಯದಲ್ಲೇ ಆಟವನ್ನು ಕಂಡು ಕಲಿತು, ವಿಜಯ್ ದಿವೇಚಾ ಅವರ ಗರಡಿಯಲ್ಲಿ ಪಳಗಿ ವೃತ್ತಿಪರ ಆಟಗಾರರಾದರು. ಬೆಂಗಳೂರಿನ ಅದಿತಿ ಅಶೋಕ್ ಅವರದು ಇನ್ನೊಂದು ಪಾಠ. ಕೊರೊನಾದಿಂದಾಗಿ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ, ತನಗಿಂತ ಎಷ್ಟೋ ದೂರ ಹೊಡೆಯಬಲ್ಲವರ ನಡುವೆ ಆಡಿ, ಅವರು ನಾಲ್ಕನೆಯ ಸ್ಥಾನ ಪಡೆದರು. ಕೇವಲ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿತು. ತೋಳ್ಬಲವೊಂದೇ ಗಾಲ್ಫ್ ಅಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಮ್ಮ ಚೆಂಡು ಈಗಲೂ ಬಹಳ ದೂರ ಹೋಗುವುದಿಲ್ಲ. ಆದರೆ ನೇರವಾಗಿ ಹೋಗುತ್ತದೆ, ಮರುದಿನ ಬೆಳಿಗ್ಗೆ ಸೊಂಟ ಹಿಡಿಯದೆ ಏಳುತ್ತೇವೆ. ಕಲಿಯಲು ಹೊರಟಿರುವ ಬಂಧುಗಳು ದುಬಾರಿ ಕೋಲುಗಳನ್ನು ಕೊಳ್ಳುವ ಮೊದಲು ಒಂದು ತಿಂಗಳು ತಮ್ಮ ಪಾದಗಳನ್ನು ತಿದ್ದಿಕೊಳ್ಳಲಿ ಎಂಬುದೇ ನಮ್ಮ ಹಾರೈಕೆ.